ಕಷ್ಟಕಾಲದಲ್ಲಿ ವಿಶ್ವಾಸವನ್ನು ಬಾಯಿಬಿಟ್ಟು ಹೇಳುವುದು ಹೇಗೆ

ಮನೆಗೆ ಕಾಯಿಲೆ, ಸಾವು, ಸಾಲ ಬಂದಾಗ ಮೊದಲು ನಿಲ್ಲುವುದು ಮಾತು. ಕಬ್ಬಿನ ದುಡ್ಡು ಬಂದಿಲ್ಲ, ಸಂಘದ ಕಂತು ಕಟ್ಟಿಲ್ಲ, ಚರ್ಚಿನ ಆರಾಧನೆಗೆ ಹೋದರೆ ಯಾರಾದರೂ ಕೇಳಿಯಾರು ಎಂದು ಮಂಡ್ಯದ ಕಡೆ ಎಷ್ಟೋ ಜನ ಭಾನುವಾರ ಮನೆಯಲ್ಲೇ ಉಳಿದುಬಿಡುತ್ತಾರೆ. ಎರಡು ವಾರ ತಪ್ಪಿದರೆ ಮೂರನೆಯ ವಾರ ಮೆಟ್ಟಿಲು ಹತ್ತುವುದೇ ಕಷ್ಟ.

ಮೊದಲು ದೇವರ ಮುಂದೆ ಬಾಯಿಬಿಡಿ. ಸತ್ಯವೇದದಲ್ಲಿ (ಬೈಬಲಿನಲ್ಲಿ) 13ನೆಯ ಕೀರ್ತನೆ ತೆಗೆಯಿರಿ, ಇರುವುದು ಆರೇ ವಚನ. ಮೊದಲ ಎರಡು ದೂರು, ನಡುವಿನ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಎರಡನೆಯ ವಚನಕ್ಕೇ ಚಿಂತೆ ನುಗ್ಗುತ್ತದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಅದೇ ಕ್ರಮದಲ್ಲಿ ನಿಮ್ಮ ಮೂರು ಸಾಲು ಬರೆಯಿರಿ. ‘ಇವತ್ತಿಗೆ ಎಂಟನೇ ಡಯಾಲಿಸಿಸ್, ಸಾಕಾಗಿದೆ ಸ್ವಾಮಿ’ ಎನ್ನುವುದೂ ಪ್ರಾರ್ಥನೆಯೇ. ಭರವಸೆಯ ಸಾಲು ಬರದ ದಿನ ಜಾಗ ಖಾಲಿ ಬಿಡಿ, ಸುಳ್ಳು ತುಂಬಬೇಡಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದೊಳಗೇ ಇದೆ.

ವರ್ಷಕ್ಕೆ ಇಡೀ ಸತ್ಯವೇದ ಓದುವ ಪಟ್ಟಿ ಈಗ ಬೇಡ. 1189 ಅಧ್ಯಾಯಕ್ಕೆ ದಿನಕ್ಕೆ ಮೂರು ದಾಟಬೇಕು. ಆಸ್ಪತ್ರೆಯಲ್ಲಿ ಒಂದು ವಾರ ಕಳೆದರೆ ಇಪ್ಪತ್ತಕ್ಕೂ ಹೆಚ್ಚು ಬಾಕಿ ಬೀಳುತ್ತದೆ, ಅದೂ ಸಾಲದ ಹಾಗೆ ತಲೆಯ ಮೇಲೆ ಕೂರುತ್ತದೆ.

ನಂತರ ಸಭೆಯವರನ್ನು ಕರೆಯಿರಿ. ಸಭೆಯ ಹಿರಿಯರನ್ನು ಕರೆಸಬೇಕಾದವರು ಕಾಯಿಲೆಯವರೇ ಎಂದು ಯಾಕೋಬನ ಪತ್ರಿಕೆ 5:14 ಹೇಳುತ್ತದೆ. ‘ಒಬ್ಬರೂ ಬರಲಿಲ್ಲ’ ಎಂದು ಮುನಿಸಿಕೊಂಡು ಕೂತವರಲ್ಲಿ ಹೆಚ್ಚಿನವರು ಯಾರಿಗೂ ಹೇಳಿಯೇ ಇರುವುದಿಲ್ಲ. ಫೋನಿನಲ್ಲಿ ದಿನ, ಹೊತ್ತು ಎರಡೂ ಹೇಳಿ: ‘ಅಯ್ಯನವರೇ, ಗುರುವಾರ ಸಾಯಂಕಾಲ ಆರಕ್ಕೆ ಬಂದು ಪ್ರಾರ್ಥನೆ ಮಾಡ್ತೀರಾ? ಅಮ್ಮನಿಗೆ ಜಾಸ್ತಿ ಹೊತ್ತು ಕೂರೋಕಾಗಲ್ಲ, ಅರ್ಧ ಗಂಟೆ ಸಾಕು.’ ಹೊತ್ತು ಹೇಳದಿದ್ದರೆ ‘ಪ್ರಾರ್ಥನೆಯಲ್ಲಿ ನೆನೆಸ್ಕೋತೀವಿ’ ಎಂಬಲ್ಲಿಗೇ ನಿಲ್ಲುತ್ತದೆ.

ಹೊರಗಿನವರ ಮುಂದೆ ವಿಶ್ವಾಸದ ಸಾಕ್ಷಿ ಹೇಳುವಾಗ ಕಷ್ಟ, ನಿರೀಕ್ಷೆ ಎರಡೂ ಮಾತಿನಲ್ಲಿರಲಿ. ಪಕ್ಕದ ಮನೆಯವರು ‘ಹೆಂಗಿದ್ದೀಯವ್ವಾ?’ ಎಂದರೆ ‘ಎಲ್ಲಾ ಚೆನ್ನಾಗಿದೆ, ಸ್ತೋತ್ರ’ ಎನ್ನಬೇಡಿ. ಬಾಗಿಲ ಮುಂದೆ ಆಂಬುಲೆನ್ಸ್ ನಿಂತದ್ದನ್ನು ಅವರೂ ನೋಡಿರುತ್ತಾರೆ. ‘ರಾತ್ರಿ ನಿದ್ದೆ ಬರಲ್ಲ ಕಣಕ್ಕಾ. ಆದ್ರೂ ಯೇಸು ಕೈಬಿಟ್ಟಿಲ್ಲ, ಅದನ್ನೇ ಹಿಡ್ಕೊಂಡಿದ್ದೀನಿ’ ಎಂದರೆ ಸಾಕು. ಅವರು ಇನ್ನೂ ಕೇಳಿದರೆ ಹೇಳಿ. ಕೇಳಿದವರಿಗೆ ಸಾತ್ವಿಕವಾಗಿ ಉತ್ತರ ಕೊಡಿ ಎಂದೇ 1 ಪೇತ್ರ 3:15ರಲ್ಲಿರುವುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ವಾರ್ಡಿನಲ್ಲಿ ಪಕ್ಕದ ಮಂಚದವರನ್ನು ‘ನಿಮಗೂ ಪ್ರಾರ್ಥನೆ ಮಾಡ್ಲಾ?’ ಎಂದು ಮೊದಲು ಕೇಳಿ. ಒಪ್ಪಿದರೆ ಒಂದು ನಿಮಿಷ, ಮೆಲುದನಿಯಲ್ಲಿ. ಬೇಡವೆಂದರೆ ಬಿಸಿನೀರು ತಂದುಕೊಡಿ. ವಾಸಿಯಾಗೇ ಆಗುತ್ತದೆಂದು ಮಾತು ಮಾತ್ರ ಕೊಡಬೇಡಿ, ಮಾತ್ರೆ ನಿಲ್ಲಿಸಿ ಎಂದಂತೂ ಹೇಳಲೇಬೇಡಿ. ಸಾವಿನ ಮನೆಯಲ್ಲಿ ‘ದೇವರ ಚಿತ್ತ’ ಎನ್ನುವುದಕ್ಕಿಂತ ಸುಮ್ಮನೆ ಕೂರುವುದು ಲೇಸು. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಹಾಗೆ ಕೂತದ್ದೇ ಅವರು ಮಾಡಿದ ಒಳ್ಳೆಯ ಕೆಲಸ.

ಉಪವಾಸ ಪ್ರಾರ್ಥನೆ ಎಂದು ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಸಕ್ಕರೆ ಕುಸಿದರೆ ಪ್ರಜ್ಞೆ ತಪ್ಪಬಹುದು. ಸಾಯಬೇಕೆಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ, ನೀರು. ನಿಮಗೂ ಅಂಥ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಆ ರಾತ್ರಿ ಒಬ್ಬರೇ ಮಲಗಬೇಡಿ, ಸಭೆಯ ಯಾರನ್ನಾದರೂ ಮನೆಯಲ್ಲಿ ಉಳಿಸಿಕೊಳ್ಳಿ.