ಮೂಳೆ ಸಿಗದೆ ಔಷಧ ಬಿಡಬೇಡ

ಕೆಳದವಡೆಗೆ ಬ್ಲಾಕ್, ಅಂದರೆ ನರದ ಬಳಿ ಔಷಧ ಬಿಟ್ಟು ಆ ಬದಿಯ ಹಲ್ಲು, ತುಟಿಗೆ ಜೋಮು ಹಿಡಿಸುವ ಚುಚ್ಚುಮದ್ದು ಕೊಡುವುದನ್ನು ನಾನು ಮೊದಲು ಕಲಿತದ್ದು ದಂತವೈದ್ಯ ಪದವಿ ಬಿಡಿಎಸ್‌ನ ಮೂರನೇ ವರ್ಷದಲ್ಲಿ, ಒಣ ಬುರುಡೆಯ ಮೇಲೆ. ದವಡೆಯ ಒಳಮೈಯಲ್ಲಿ ನರ ಹೊಕ್ಕುವ ತೂತನ್ನು ಬೆರಳಿನಿಂದ ಮುಟ್ಟಿ ನೋಡಿದ್ದೆ. ಜೀವಂತ ಬಾಯಿಯಲ್ಲಿ ಆ ತೂತು ಕಾಣುವುದಿಲ್ಲ. ಹೆಬ್ಬೆರಳನ್ನು ದವಡೆಯ ಮುಂದಂಚಿನ ತಗ್ಗಿನಲ್ಲಿಟ್ಟು, ಸಿರಿಂಜನ್ನು ಎದುರು ಬದಿಯ ಪ್ರೀಮೋಲಾರ್‌ಗಳ (ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ) ಮೇಲಿಂದ ತಂದರೆ, ಸುಮಾರು 20–25 ಮಿಲಿಮೀಟರ್ ಒಳಗೆ ಸೂಜಿಗೆ ಮೂಳೆ ತಾಗಬೇಕು.

"ಮೂಳೆ ಸಿಕ್ತಾ?" ಎಂದು ಮೇಡಂ ಪ್ರತಿ ಸಲ ಕೇಳುತ್ತಿದ್ದರು. ಇಲ್ಲ ಎಂದರೆ, "ಹಾಗಾದ್ರೆ ಔಷಧ ಬಿಡಬೇಡ."

ಇಂಟರ್ನ್‌ಷಿಪ್‌ನ ಒಂದು ಸೋಮವಾರ, ಹೊರಗೆ ಸಾಲು ಉದ್ದವಿತ್ತು. ಒಬ್ಬ ತಾಯಿಗೆ ಬ್ಲಾಕ್ ಕೊಡುವಾಗ ಸೂಜಿ ಬಹುಪಾಲು ಒಳಹೋದರೂ ಮೂಳೆ ತಾಗಲಿಲ್ಲ. ನಾನು ಔಷಧ ಬಿಟ್ಟುಬಿಟ್ಟೆ. ತುಟಿಗೆ ಜೋಮು ಹಿಡಿಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಆ ತಾಯಿಯ ಬಾಯಿ ಒಂದು ಕಡೆ ವಾಲಿತು, ಆ ಬದಿಯ ಕಣ್ಣು ಮುಚ್ಚಲಾಗಲಿಲ್ಲ. ನನ್ನ ಕೈಕಾಲು ತಣ್ಣಗಾದವು. ಸೂಜಿ ತೀರಾ ಹಿಂದಕ್ಕೆ ಹೋಗಿ, ಮುಖದ ನರ ಹಾದುಹೋಗುವ ಪರೋಟಿಡ್ ಎಂಬ ಜೊಲ್ಲುಗ್ರಂಥಿಯಲ್ಲಿ ಔಷಧ ಇಳಿದಿತ್ತು. ಕಣ್ಣು ಒಣಗದಂತೆ ರೆಪ್ಪೆ ಮುಚ್ಚಿ, ಮೇಲೆ ಪ್ಯಾಡ್ ಇಟ್ಟು ಟೇಪ್ ಹಾಕಿದೆವು. ಔಷಧದ ಪ್ರಭಾವ ಇಳಿಯುವವರೆಗೆ, ಮೂರು ಗಂಟೆ, ಅವರ ಪಕ್ಕದಲ್ಲೇ ಕೂತಿದ್ದೆ. ಕಣ್ಣು ಮುಚ್ಚಲು ಬಂದಾಗ "ಇರ್ಲಿ ಬಿಡವ್ವಾ, ಹೆದರ್ಬ್ಯಾಡ" ಎಂದು ಅವರೇ ನನಗೆ ಧೈರ್ಯ ಹೇಳಿದರು.

ಈಗ ಮೂಳೆ ಸಿಗದಿದ್ದರೆ ಸೂಜಿಯನ್ನು ಸ್ವಲ್ಪ ಹಿಂದೆಳೆದು, ಸಿರಿಂಜಿನ ಹಿಡಿಯನ್ನು ದವಡೆಹಲ್ಲಿನ ಕಡೆಗೆ ತಿರುಗಿಸಿ ಮತ್ತೆ ಹೋಗುತ್ತೇನೆ. ಬೇಗನೇ ತಾಗಿದರೆ ಹಿಡಿಯನ್ನು ಮುಂದಕ್ಕೆ, ಕೋರೆಹಲ್ಲಿನ ಕಡೆಗೆ. ಸೂಜಿಯನ್ನು ಬುಡದವರೆಗೆ ಎಂದೂ ಹೂಳುವುದಿಲ್ಲ. ಮುರಿದರೆ ಹಿಡಿದೆಳೆಯಲು ತುದಿಯಾದರೂ ಹೊರಗಿರಬೇಕು.

ಮೂಳೆ ತಾಗಿದ ಮೇಲೆ ಒಂದು ಮಿಲಿಮೀಟರ್ ಹಿಂದೆ ಬಂದು, ಸೂಜಿ ರಕ್ತನಾಳದೊಳಗಿದೆಯೇ ಎಂದು ಪಿಸ್ಟನ್ ಎಳೆದು ನೋಡಬೇಕು. ನಮ್ಮ ಪ್ಲಾಸ್ಟಿಕ್ ಸಿರಿಂಜಿನಲ್ಲಿ ಇದನ್ನು ಒಂದೇ ಕೈಯಲ್ಲಿ, ಸೂಜಿಯ ತುದಿ ಅಲುಗದಂತೆ ಮಾಡುವುದು ಸುಲಭವಲ್ಲ. ಹಾಸ್ಟೆಲಿನಲ್ಲಿ ನೀರು ತುಂಬಿಕೊಂಡು ಕೈ ಪಳಗಿಸಿದ್ದೆ. ರಕ್ತ ಬಂದರೆ ಸೂಜಿ ಹೊರಕ್ಕೆ, ಹೊಸ ಸಿರಿಂಜ್. ಬಾರದಿದ್ದರೆ ಒಂದೂವರೆ ಮಿಲಿಲೀಟರನ್ನು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬಿಡುತ್ತೇನೆ. ನಿಧಾನವಾಗಿ ಬಿಟ್ಟರೆ ನೋವೂ ಕಡಿಮೆ.

ಮಕ್ಕಳಿಗಾದರೆ ಮೊದಲು ತೂಕ ನೋಡುತ್ತೇನೆ. ನಾವು ಬಳಸುವ ಜೋಮಿನ ಔಷಧ ಎರಡು ಪರ್ಸೆಂಟ್ ಲಿಗ್ನೋಕೇನ್ ಎಂದರೆ ಮಿಲಿಲೀಟರಿಗೆ 20 ಮಿಲಿಗ್ರಾಂ. ಕಿಲೋಗೆ 4.4 ಮಿಲಿಗ್ರಾಂ ಮಿತಿ ಇಟ್ಟುಕೊಂಡರೆ 15 ಕಿಲೋ ಮಗುವಿಗೆ 66 ಮಿಲಿಗ್ರಾಂ, ಅಂದರೆ ಮೂರು ಮಿಲಿಲೀಟರಿಗಿಂತ ಚೂರು ಹೆಚ್ಚು, ಅಷ್ಟೇ. ನಾವು 30 ಮಿಲಿಲೀಟರಿನ ವಯಲ್‌ನಿಂದ (ಔಷಧದ ಸೀಸೆಯಿಂದ) ಎಳೆದುಕೊಳ್ಳುವುದರಿಂದ ಲೆಕ್ಕ ತಪ್ಪುವುದು ಬಹಳ ಸುಲಭ. ಹಾಗಾಗಿ ಪ್ರತಿ ಸಲ ಎಳೆದದ್ದನ್ನು ಸಿಸ್ಟರ್ ಜೋರಾಗಿ ಹೇಳಿ ಕೇಸ್ ಶೀಟಿನಲ್ಲಿ ಬರೆಯುತ್ತಾರೆ, ಬರೆದ ಮೇಲೆಯೇ ನಾನು ಸಿರಿಂಜ್ ಕೈಗೆ ತೆಗೆದುಕೊಳ್ಳುತ್ತೇನೆ.