ಸಣ್ಣ ಮಕ್ಕಳಿಗೆ ಕಥಿ ಬಿಚ್ಚಿ ತೋರ್ಸೋದು ಹೆಂಗ?

ಕಥಿ ಮುಗಿದ ಕೂಡ್ಲೇ "ಇದ್ರಿಂದ ಏನ್ ನೀತಿ ಕಲಿತ್ರಿ?" ಅಂತ ಕೇಳೋ ಚಟ ಮೊದ್ಲು ಬಿಡ್ರಿ. ನಮ್ಮ ಕಲಬುರಗಿ ಕಡೆ ಮನ್ಯಾಗ ನೋಡಿದ್ರೂ ಅದೇ, ಸಾಲ್ಯಾಗ ನೋಡಿದ್ರೂ ಅದೇ. ಐದ್ ವರ್ಷದ ಕೂಸು "ಸುಳ್ಳ ಹೇಳಬಾರದು" ಅಂತ ಗಿಣಿಪಾಠ ಒಪ್ಪಿಸಿ ಕೂಡ್ತದ, ಕಥಿ ಯಾರದು, ಎಲ್ಲಿ ನಡೀತು, ಯಾಕ ಫಜೀತಿ ಆಯ್ತು ಅಂತ ಕೇಳಿದ್ರ ಮಾರಿ ಮಾರಿ ನೋಡ್ತದ. 2021ರಾಗ ಶುರುವಾದ ನಿಪುಣ್ ಭಾರತ್ ಅನ್ನೋ ಕೇಂದ್ರ ಸರ್ಕಾರದ ಯೋಜನ್ಯಾಗೂ ಮೂರನೇ ಕ್ಲಾಸ್ ಮುಗಿಯೋದ್ರಾಗ ಮಕ್ಕಳು ತಿಳ್ಕೊಂಡು ಓದಬೇಕು ಅಂತೇ ಅದ. ತಿಳ್ಕೊಳ್ಳೋದು ಶುರು ಆಗೋದು ಮಾತ್ರ ಅಕ್ಷರ ಬರೋಕ್ಕಿಂತ ಮೊದ್ಲೇ, ಕಥಿ ಕೇಳೋವಾಗ.

1. ಕಥಿ ಆರಿಸ್ಕೊಳ್ರಿ. ಕಾಗಿ-ಗುಬ್ಬಿ ಕಥಿನೇ ತಗೋರಿ, ಬ್ಯಾರೇದ್ಯಾಕ? ಇಬ್ರೇ ಪಾತ್ರ, ಒಂದೇ ಜಾಗ, ಒಂದೇ ಫಜೀತಿ. ಕಾಗಿದು ಹೆಂಡಿ ಮನಿ, ಗುಬ್ಬಿದು ಕಲ್ಲಿನ ಮನಿ, ಮಳಿ ಬಂದು ಕಾಗಿ ಮನಿ ಕೊಚ್ಕೊಂಡು ಹೋಗ್ತದ, ಕಾಗಿ ಬಂದು ಬಾಗಿಲು ಬಡೀತದ, ಗುಬ್ಬಿ "ತಡಿ, ಕೂಸಿಗೆ ಎಣ್ಣಿ ಹಚ್ಲತ್ತೀನಿ" ಅಂತದ. ನಾನಂತೂ ಗುಬ್ಬಿದು ಶಹಾಬಾದ್ ಪರ್ಸಿ (ನೆಲಕ್ಕ ಹಾಸೋ ಕಲ್ಲು) ಮನಿ ಅಂತೀನಿ, ಮಕ್ಕಳು ತಾವ್ ಕುಂತ ಪರ್ಸಿ ಮುಟ್ಟಿ ಮುಟ್ಟಿ ನೋಡ್ತಾವ. ಬಾಯಿಂದೇ ಹೇಳ್ರಿ, ಬ್ಯಾರೆ ಬ್ಯಾರೆ ದಿನ ಎರಡ್ಮೂರು ಸಲ ಹೇಳ್ರಿ. ಮೊಬೈಲ್ ಕೈಗೆ ಕೊಟ್ಟು ಕಾರ್ಟೂನ್ ಹಚ್ಚೋದು ಬ್ಯಾಡೇ ಬ್ಯಾಡ, ಅದ್ರಾಗ ಕಾಗಿ ಹೆಂಗದ, ಮಳಿ ಹೆಂಗದ ಎಲ್ಲಾ ಅವ್ರೇ ತೋರ್ಸಿಬಿಡ್ತಾರ, ಹುಡುಗನ ತಲಿಗಿ ಕೆಲಸೇ ಉಳಿಯಲ್ಲ.

2. ಯಾರ್ ಯಾರ್ ಬಂದ್ರು ಕೇಳ್ರಿ. ಇದು ಎಲ್ಲಾ ಮಕ್ಕಳಿಗೂ ಬರ್ತದ, ಮುಂದ ನಡೀರಿ.

3. ಎಲ್ಲಿ, ಯಾವಾಗ. "ಎಲ್ಲಿ" ಹೇಳ್ತಾವ, "ಯಾವಾಗ" ಮರೀತಾವ. "ಇದು ನಮ್ಮ ಮೇ ತಿಂಗಳ ಬಿಸಲಾಗ ನಡೀತದೇನು?" ಅಂತ ಕೇಳ್ರಿ ಸಾಕು, "ಇಲ್ರೀ, ಮಳಿಗಾಲದಾಗ" ಅಂತ ತಾವೇ ಒದರ್ತಾವ.

4. ಫಜೀತಿ ಏನು? ಎಲ್ಲಾರೂ ಎಡವೋದು ಇಲ್ಲೇ. "ಸಂಘರ್ಷ" ಅಂತ ಬೋರ್ಡ್ ಮ್ಯಾಲ ಬರದು ಮೂರ್ ಸಲ ಹೇಳಿಸ್ತಾರ, ಆಯ್ತು ಪಾಠ ಅಂತಾರ. ಮಕ್ಕಳಿಗೆ ಕಥ್ಯಾಗ ಆಗಿದ್ದೆಲ್ಲಾ ಫಜೀತಿನೇ. ಕಾಗಿ ಅತ್ತಿದ್ದೂ ಫಜೀತಿ, ಎಣ್ಣಿ ಹಚ್ಚಿದ್ದೂ ಫಜೀತಿ. ಬೈಬ್ಯಾಡ್ರಿ. ಎರಡೇ ಪ್ರಶ್ನಿ ಕೇಳ್ರಿ: ಯಾರಿಗೆ ಏನ್ ಬೇಕಾಗಿತ್ತು? ಏನ್ ಅಡ್ಡ ಬಂತು?

ಆಮ್ಯಾಲ ಒಂದೊಂದೇ ತೆಗೆದು ಕಥಿ ಮತ್ತ ಹೇಳ್ರಿ. "ಗುಬ್ಬಿ ಎಣ್ಣಿ ಹಚ್ಚಲಿಲ್ಲ, ಕೂಸಿಗೆ ಜಳಕಾ ಮಾಡಿಸ್ತು." ಕಥಿ ನಿಂತೇನು? ಇಲ್ಲ, ನಡೀತು. ಹಂಗಾದ್ರ ಎಣ್ಣಿ ಫಜೀತಿ ಅಲ್ಲ. ಈಗ "ಮಳಿ ಬಂತು, ಕಾಗಿ ಮನಿಗಿ ಏನೂ ಆಗ್ಲಿಲ್ಲ, ಕಾಗಿ ಒಳಗ ಮಲ್ಕೊಂತು" ಅಂತ ಹೇಳಿ ಸುಮ್ಮನ ಕೂಡ್ರಿ. "ಮುಂದ?" ಅಂತಾವ. ಮುಂದ ಏನೂ ಇಲ್ಲ, ಕಥಿನೇ ಇಲ್ಲ! ಆ ಹೊತ್ತಿಗೆ ಮಕ್ಕಳ ಮಾರಿ ನೋಡಬೇಕ್ರಿ.

ಒಬ್ಬಾಕಿ ಶ್ಯಾಣ್ಯಾಕಿ ಇದ್ದೇ ಇರ್ತಾಳ, "ಮಳಿನೇ ಫಜೀತಿ" ಅಂತ ಹಟ ಹಿಡೀತಾಳ. ಆಕಿನ್ನ ತಪ್ಪು ಅನ್ನಬ್ಯಾಡ್ರಿ, "ಮಳಿ ಗುಬ್ಬಿ ಮನಿ ಮ್ಯಾಲೂ ಬಿತ್ತಲ್ಲವ್ವಾ, ಅದಕ್ಯಾಕ ಏನೂ ಆಗ್ಲಿಲ್ಲ?" ಅಂತ ಕೇಳ್ರಿ. ಅಲ್ಲಿಂದ ಹೆಂಡಿ ಮನಿ, ಮುಚ್ಚಿದ ಬಾಗಿಲು ಎರಡೂ ತಾನೇ ಹೊರಗ ಬರ್ತಾವ. ಬಾಗಿಲು ತೆಗೀಲಿಲ್ಲ ಅನ್ನೋದೇ ಫಜೀತಿ ಅಂತ ಯಾರರೆ ಹೇಳಿದ್ರ ಅದೂ ಬರೋಬ್ಬರಿನೇ, ಯಾಕ ಅಂತ ಹೇಳಬೇಕಷ್ಟೇ.

ಇನ್ನೊಂದು, ಬೀದರ್ ಕಡೆ ಮರಾಠಿ ಮನಿ ಮಕ್ಕಳು, ಗುರುಮಠಕಲ್ ಕಡೆ ತೆಲುಗು ಮಕ್ಕಳು, ತಾಂಡಾದಾಗಿನ ಲಂಬಾಣಿ ಮಕ್ಕಳು, ಮನ್ಯಾಗ ದಖ್ಖನಿ ಮಾತಾಡೋರು, ಇವ್ರೆಲ್ಲಾ ಇಲ್ಲಿ ಬಾಯಿ ಮುಚ್ಕೊಂಡು ಕೂಡ್ತಾರ. ತಿಳಿದಿರ್ತದ, ಕನ್ನಡದಾಗ ಹೇಳಾಕ ಬರಂಗಿಲ್ಲ. ತಮ್ಮ ಮಾತಿನಾಗೇ ಹೇಳ್ಲಿ ಬಿಡ್ರಿ. ನಿಮಗ ತಿಳೀಲಿಲ್ಲಂದ್ರ ಬಾಜೂಕ ಕುಂತ ಹುಡುಗ ಹೇಳ್ತಾನ.

5. ಕಡೀಗೆ ಏನಾಯ್ತು. ಒಬ್ಬೊಬ್ರ ಮನ್ಯಾಗ ಈ ಕಥಿ ಒಂದೊಂದ್ ಥರ ಮುಗೀತದ, ಯಾವ್ದಾದ್ರೂ ನಡೀತದ. ಫಜೀತಿ ಹೋಯ್ತೋ ಇಲ್ಲೋ, ಯಾರು ಏನ್ ಮಾಡಿದ್ದಕ್ಕ ಹೋಯ್ತು, ಅಷ್ಟು ಬಂದ್ರ ಸಾಕು.

6. ಪರ್ಸಿ ಮ್ಯಾಲ ಚಾಕ್‌ಪೀಸ್‌ಲೆ ನಾಕು ಮನಿ ಬರೀರಿ: ಯಾರು, ಎಲ್ಲಿ-ಯಾವಾಗ, ಫಜೀತಿ, ಕಡೀಗೆ. ಹುಡುಗ ಒಂದೊಂದ್ ಮನ್ಯಾಗ ಜಿಗಿದು ಆ ಭಾಗ ಹೇಳ್ಬೇಕು. ಹಸಿ ಅರಬಿಲೆ ಒರಸಿದ್ರ ಹೋಗ್ತದ, ಖರ್ಚೂ ಇಲ್ಲ. ಬಜಾರದಾಗ ಲ್ಯಾಮಿನೇಟ್ ಮಾಡಿದ ಚಾರ್ಟ್ ಸಿಗ್ತಾವ, ತರಬ್ಯಾಡ್ರಿ. ಬೆಳಕಿಗೆ ಮಿಂಚಿ ಚಿತ್ರಾನೇ ಕಾಣಂಗಿಲ್ಲ, ನಾ ನೋಡಿದ ಒಂದ್ರಾಗ ಕಾಗಿ ಯಾವ್ದು, ಪಾರಿವಾಳ ಯಾವ್ದು ಗೊತ್ತಾಗ್ತಿರಲಿಲ್ಲ. ಬಿಟ್ಟ ಸ್ಥಳ ತುಂಬೋ ವರ್ಕ್‌ಶೀಟೂ ಈ ವಯಸ್ಸಿಗೆ ಬ್ಯಾಡ.

7. ಈಗ ಅವ್ರ ಕಥಿ. ಹೋಳಿ ಆದ್ಮ್ಯಾಲ ಶರಣಬಸವೇಶ್ವರ ಜಾತ್ರಿ ಬರ್ತದಲ್ಲ, ಅದನ್ನೇ ಕೇಳ್ರಿ. "ಜಾತ್ರಿಗಿ ಹೋದ್ವಿ, ಮಿರ್ಚಿ ತಿಂದ್ವಿ, ಬಂದ್ವಿ" ಅಂತಾವ ಮೊದ್ಲಿಗೆ. "ನಡುವ ಏನೂ ಫಜೀತಿ ಆಗ್ಲಿಲ್ಲೇನು?" ಅಂತ ಕೇಳಿದ್ರ ಸಾಕು, ಫುಗ್ಗಾ ಹಾರಿಹೋಗಿದ್ದು, ಮುತ್ಯಾನ ಕೈ ಬಿಟ್ಟುಹೋಗಿದ್ದು, ಒಂದ್ ಚಪ್ಪಲಿ ಕಳೆದಿದ್ದು ಎಲ್ಲಾ ಬರ್ತಾವ. ಹಿಂದು ಮುಂದು ಮಾಡಿ ಹೇಳಿದ್ರ ನಡುವ ಬಾಯಿ ಹಾಕಿ ತಿದ್ದಬ್ಯಾಡ್ರಿ, ಪೂರಾ ಹೇಳಿ ಮುಗಿಸ್ಲಿ, ಆಮ್ಯಾಲ ಪರ್ಸಿ ಮ್ಯಾಗಿನ ಮನ್ಯಾಗ ನಿಂದ್ರಿಸಿ ಇನ್ನೊಮ್ಮೆ ಕೇಳ್ರಿ.