ಸೇವೆನ್ ಬೆಟ್ಟಗಳಲ್ಲಿ ಸದ್ದಿಲ್ಲದ ದಾರಿ ಹುಡುಕಿಕೊಂಡು ನಾಲ್ಕು ದಿನ

ಮೊದಲ ಸಲ ಫ್ರಾನ್ಸ್‌ನ ಸೇವೆನ್ ಬೆಟ್ಟಗಳಿಗೆ ಸೈಕಲ್‌ನಲ್ಲಿ ಹೋದಾಗ ಫೋನ್ ತೋರಿಸಿದ ದಾರಿಯನ್ನೇ ಹಿಡಿದೆ. ಅಲೆಸ್ ಊರಿನಿಂದ ಫ್ಲೊರಾಕ್‌ಗೆ ಎನ್ 106 ಹೆದ್ದಾರಿ. ಮಾಂದ್ ಕಡೆಗೆ ಹೋಗುವ ಲಾರಿಗಳಿಗೂ ಅದೇ ದಾರಿ. ಪ್ರತಿ ತಿರುವಿನಲ್ಲೂ ಬೆನ್ನ ಹಿಂದೆ ಇಂಜಿನ್ ಸದ್ದು. ಪಕ್ಕದಲ್ಲೇ ಮಿಮಾಂತ್ ಎಂಬ ಚೆಂದದ ಹೊಳೆ ಹರಿಯುತ್ತಿತ್ತು. ಅದು ಗೊತ್ತಾಗಿದ್ದು ಊಟಕ್ಕೆ ನಿಂತಾಗ. ಅಲ್ಲಿಯವರೆಗೆ ನಾನು ನೋಡಿದ್ದು ರಸ್ತೆಯ ಅಂಚಿನ ಬಿಳಿ ಗೆರೆ ಮಾತ್ರ.

ನಾನಿರುವುದು ದಕ್ಷಿಣ ಫ್ರಾನ್ಸ್‌ನ ಮೋಂಪೆಲಿಯೆಯಲ್ಲಿ. ಸೇವೆನ್ ಬೆಟ್ಟಗಳು ಇಲ್ಲಿಂದ ಉತ್ತರಕ್ಕೆ, ತುಂಬ ದೂರವೇನಿಲ್ಲ. ಆ ಸಲ ವಾಪಸ್ ಬಂದ ಮೇಲೆ ಮಿಶೆಲಿನ್‌ನ ಕಾಗದದ ನಕ್ಷೆ ಕೊಂಡೆ. 1:150,000 ಅಳತೆಯದು, ಅಂದರೆ ಒಂದು ಸೆಂಟಿಮೀಟರಿಗೆ ಒಂದೂವರೆ ಕಿಲೋಮೀಟರ್. ಅದರಲ್ಲಿ ಕೆಂಪು ಗೆರೆ ದೊಡ್ಡ ರಸ್ತೆ. ಹಳದಿ ಅದಕ್ಕಿಂತ ಚಿಕ್ಕದು. ಬಿಳಿ ಎಲ್ಲಕ್ಕಿಂತ ಚಿಕ್ಕದು. ಗೆರೆಯ ಮೇಲೆ ಬಾಣದಂಥ ಗುರುತು ಇದ್ದರೆ ಏರು: ಒಂದು ಬಾಣಕ್ಕೆ ಶೇಕಡಾ 5ರಿಂದ 9, ಎರಡಕ್ಕೆ 9ರಿಂದ 13, ಮೂರಕ್ಕೆ ಅದಕ್ಕೂ ಜಾಸ್ತಿ. ಬಾಣದ ಮೊನೆ ಮೇಲಕ್ಕೆ ಹತ್ತುವ ದಿಕ್ಕು ತೋರಿಸುತ್ತದೆ.

ಬಿಳಿ ಗೆರೆ ಕಂಡರೆ ಸಾಕು ಅಂತ ಮೊದಲು ಅಂದುಕೊಂಡಿದ್ದೆ. ಸಾಲದು. ಬಿಳಿ ರಸ್ತೆ ಎರಡು ದೊಡ್ಡ ಊರುಗಳ ನಡುವಿನ ಒಳದಾರಿ ಆಗಿದ್ದರೆ, ಅವಸರದಲ್ಲಿರುವವರೆಲ್ಲ ಅದರಲ್ಲೇ ನುಗ್ಗುತ್ತಾರೆ. ಹಾಗಾಗಿ ಈಗ ಪ್ರತಿ ಗೆರೆಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಈ ರಸ್ತೆ ಯಾರಿಗೆ ಬೇಕು? ಕಣಿವೆಯ ಕೆಳಗೆ ಒಳ್ಳೆಯ ರಸ್ತೆ ಇದ್ದು, ಮೇಲೆ ಬೆಟ್ಟದ ನೆತ್ತಿಯಲ್ಲಿ ಇನ್ನೊಂದು ಸುತ್ತಿಕೊಂಡು ಹೋಗುತ್ತಿದ್ದರೆ, ಕಾರುಗಳೆಲ್ಲ ಕೆಳಗಿರುತ್ತವೆ. ಮೇಲಿನದು ನನ್ನದು. ಹತ್ತಬೇಕು ಅನ್ನುವುದೊಂದೇ ಅದರ ಬೆಲೆ.

ಎರಡನೇ ಸಲ ಮೇ ತಿಂಗಳಲ್ಲಿ ಹೊರಟೆ. ಜುಲೈ, ಆಗಸ್ಟ್ ಬಿಸಿಲಿನ ಕಾಲ, ಇಡೀ ಫ್ರಾನ್ಸ್ ರಜೆಯ ಮೇಲೆ ಇರುತ್ತದೆ. ಶರತ್ಕಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬರುವ ಮೋಡಗಳು ಈ ಬೆಟ್ಟಗಳಿಗೆ ತಾಗಿ, ಕೆಲವೇ ಗಂಟೆಗಳಲ್ಲಿ ಹೊಳೆ ಉಕ್ಕಿಸುವಷ್ಟು ಮಳೆ ಸುರಿಸುತ್ತವೆ. ಮೇ ತಿಂಗಳಲ್ಲಿ ಹಳದಿ ಹೂವಿನ ಪೊದೆಗಳು ಅರಳಿರುತ್ತವೆ, ಹಗಲು ಉದ್ದ, ಕ್ಯಾಂಪಿಂಗ್ ಜಾಗಗಳು ಖಾಲಿ.

ಸೈಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೀಲ್ ಫ್ರೇಮ್, 35 ಮಿಲಿಮೀಟರ್ ಟೈರ್. ಮುಖ್ಯವಾದದ್ದು ಗೇರ್. ಮುಂದಿನ ಹಲ್ಲುಚಕ್ರಕ್ಕೆ 30 ಹಲ್ಲು, ಹಿಂದಿನದಕ್ಕೆ 34. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಹತ್ತಿರ ಹತ್ತಿರ 7 ಕಿಲೋಮೀಟರ್. ಆ ವೇಗದಲ್ಲಿ ಉಸಿರು ಕಟ್ಟುವುದಿಲ್ಲ, ಹಕ್ಕಿ ಕೂಗು ಕೇಳುತ್ತದೆ. ಮೊದಲ ಸಲ 14 ಕಿಲೋ ಸಾಮಾನು ಹೊತ್ತಿದ್ದೆ. ಈ ಸಲ 8 ಕಿಲೋ. ಬಿಟ್ಟುಹೋದ ಯಾವುದೂ ನೆನಪಿಗೆ ಬರಲಿಲ್ಲ.

ಮೋಂಪೆಲಿಯೆಯಿಂದ ನೀಮ್, ಅಲ್ಲಿಂದ ಅಲೆಸ್‌ವರೆಗೆ ಲೋಕಲ್ ರೈಲು. ಇಲ್ಲಿ ಟಿಇಆರ್ ಅನ್ನುತ್ತಾರೆ, ಸೈಕಲ್ ಬಿಚ್ಚದೆ ಹಾಗೇ ಹತ್ತಿಸಬಹುದು. ಅಂದು ಮಿಯಾಲೆ ಹಳ್ಳಿಯ ಮೇಲಿಂದ ಹೋಗುವ ಡಿ 50 ಎಂಬ ಚಿಕ್ಕ ರಸ್ತೆ ಹಿಡಿದು ಸ್ಯಾಂ-ಜಾಂ-ದ್ಯು-ಗಾರ್ ಊರು ಸೇರಿ ಮಲಗಿದೆ.

ಮರುದಿನದ್ದು ಕೋರ್ನಿಶ್ ದೆ ಸೇವೆನ್ ಎಂಬ ರಸ್ತೆ. ಫ್ಲೊರಾಕ್‌ವರೆಗೆ ಸುಮಾರು 50 ಕಿಲೋಮೀಟರ್, ಬಹುಪಾಲು ಬೆಟ್ಟದ ನೆತ್ತಿಯಲ್ಲೇ. ಎಡಕ್ಕೆ ವಾಲೆ ಬೋರ್ನ್, ಬಲಕ್ಕೆ ವಾಲೆ ಫ್ರಾಂಸೆಜ್, ಎರಡೂ ಆಳದ ಕಣಿವೆಗಳು. ರಸ್ತೆ ಯಾಕೆ ಇಷ್ಟು ಮೇಲಿದೆ ಅನ್ನುವುದಕ್ಕೆ ಕತೆಯಿದೆ. ಇದು ಮೊದಲು ಕುರಿ ಮಂದೆಗಳ ಹಾದಿ. 1702ರಲ್ಲಿ ಇಲ್ಲಿನ ಪ್ರೊಟೆಸ್ಟೆಂಟ್ ಜನ 14ನೇ ಲೂಯಿ ದೊರೆಯ ವಿರುದ್ಧ ದಂಗೆ ಎದ್ದರು. ಅವರನ್ನು ಕಮಿಸಾರ್ ಅನ್ನುತ್ತಾರೆ. ಆ ಕಾಲದಲ್ಲೇ ಸೈನ್ಯ ಬೆಟ್ಟದೊಳಗೆ ಸುಲಭವಾಗಿ ಹೋಗಲಿ ಅಂತ ನೆತ್ತಿಯ ಹಾದಿಗಳನ್ನು ಅಗಲ ಮಾಡಿಸಿದರು. ಜನರನ್ನು ಬಗ್ಗಿಸಲು ಮಾಡಿದ ದಾರಿಯಲ್ಲಿ ಈಗ ಇಷ್ಟು ನೆಮ್ಮದಿ. ತುಳಿಯುತ್ತಾ ಅದನ್ನೇ ಯೋಚಿಸಿದೆ.

ಒಂದು ಎಚ್ಚರಿಕೆ. ಶನಿವಾರ, ಭಾನುವಾರ ಇಲ್ಲಿ ಮೋಟಾರ್‌ಬೈಕ್‌ಗಳು ಗುಂಪುಗುಂಪಾಗಿ ಬರುತ್ತವೆ. ನಾನು ಹೋಗಿದ್ದು ಮಂಗಳವಾರ, ಬೆಳಿಗ್ಗೆ ಏಳಕ್ಕೆ ಹೊರಟು. ಸ್ಯಾಂ-ಪಿಯೆರ್ ಘಟ್ಟದ ತುದಿ 596 ಮೀಟರ್. ಅಲ್ಲಿಗೆ ಮುಟ್ಟುವವರೆಗೆ ಒಂದು ಅಂಚೆ ವ್ಯಾನ್ ಬಿಟ್ಟರೆ ಬೇರೇನೂ ಬರಲಿಲ್ಲ. ಆಮೇಲೆ ಚೆಸ್ಟ್‌ನಟ್ ಮರಗಳ ನೆರಳು. ಈ ಕಡೆ ಅದನ್ನು ರೊಟ್ಟಿಯ ಮರ ಅನ್ನುತ್ತಾರೆ. ಗೋಧಿ ಬೆಳೆಯದ ಈ ಬೆಟ್ಟಗಳಲ್ಲಿ ಅದರ ಕಾಯಿಯೇ ತಲೆಮಾರುಗಳ ಕಾಲ ಊಟವಾಗಿತ್ತು. ಇನ್ನೂ ಮೇಲೆ 1,026 ಮೀಟರ್ ಎತ್ತರದಲ್ಲಿ ಕೋಲ್ ದೆ ಫೈಸ್ ಎಂಬ ಘಟ್ಟ. ಬೋರ್ಡ್ ಓದಿದೆ, ಫೈಸ್ ಅಂದರೆ ಏನಂತ ಗೊತ್ತಾಗಲಿಲ್ಲ.

ಮೂರನೇ ದಿನ ನಾನು ತಪ್ಪು ಮಾಡಿದ್ದು. ಫ್ಲೊರಾಕ್‌ನಿಂದ ಡಿ 16 ನೇರ ಮೇಲಕ್ಕೆ, ಕೋಸ್ ಮೆಜಾಂ ಎಂಬ ಪ್ರಸ್ಥಭೂಮಿಗೆ ಹತ್ತುತ್ತದೆ. ಹತ್ತಿರ 500 ಮೀಟರ್ ಏರು. ಮೇಲೆ ಬಂದ ಕೂಡಲೇ ಲೋಕವೇ ಬದಲಾಯಿತು. ಮರವಿಲ್ಲ. ಹುಲ್ಲು, ಬಿಳಿ ಕಲ್ಲು, ಗಾಳಿ, ಆಕಾಶ. ಚದರ ಕಿಲೋಮೀಟರಿಗೆ ಇಬ್ಬರು ಮನುಷ್ಯರೂ ಇಲ್ಲದ ಜಾಗ ಇದು. ಮೂರು ಗಂಟೆಯಲ್ಲಿ ನಾಲ್ಕು ಕಾರು ಎಣಿಸಿದೆ. ಸದ್ದಿಲ್ಲದ ದಾರಿ ಬೇಕಿತ್ತಲ್ಲ, ಇದಕ್ಕಿಂತ ಹೆಚ್ಚು ಏನು ಬೇಕು ಅನ್ನಿಸಿತು.

ಆದರೆ ನನ್ನ ಹತ್ತಿರ ಇದ್ದದ್ದು ಮುಕ್ಕಾಲು ಲೀಟರಿನ ಎರಡೇ ಬಾಟಲಿ. ಹಿಂದಿನ ದಿನ ಹಳ್ಳಿಹಳ್ಳಿಗೂ ನೀರು ಸಿಕ್ಕಿತ್ತು, ಹಾಗಾಗಿ ಇಲ್ಲೂ ಸಿಗುತ್ತದೆ ಅಂದುಕೊಂಡೆ. ಕೋಸ್ ಪೂರ್ತಿ ಸುಣ್ಣಕಲ್ಲು. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದು, ನೂರಾರು ಮೀಟರ್ ಕೆಳಗೆ ಕಣಿವೆಯ ಬುಡದಲ್ಲಿ ಊಟೆಯಾಗಿ ಬರುತ್ತದೆ. ಮೇಲೆ ಒಂದು ತೊರೆಯೂ ಇಲ್ಲ. ಹಿಂದಿನ ದಿನ ಹೆಚ್ಚಿನ ದಾರಿ ಪದರು ಪದರಾದ ಶಿಸ್ಟ್ ಕಲ್ಲಿನದ್ದು, ಅಲ್ಲಿ ನೀರು ಮೇಲೇ ಹರಿಯುತ್ತದೆ. ನಕ್ಷೆಯಲ್ಲಿ ನೀಲಿ ಗೆರೆಗಳು ಎಲ್ಲಿ ನಿಂತುಹೋಗಿವೆ ಅಂತ ಒಮ್ಮೆ ನೋಡಿದ್ದರೆ ಸಾಕಿತ್ತು.

ಮಧ್ಯಾಹ್ನ ಒಂದಕ್ಕೆ ಬಾಟಲಿ ಖಾಲಿ. ಬಾಯಿ ಒಣಗಿತ್ತು. ರಸ್ತೆ ಪಕ್ಕ ಕಲ್ಲು ಹಾಸಿದ ದುಂಡನೆಯ ಕೊಳವೊಂದು ಕಾಣಿಸಿತು. ಇಲ್ಲಿ ಅದಕ್ಕೆ ಲಾವೋಞ್ ಅನ್ನುತ್ತಾರೆ. ಮಳೆ ನೀರು ನಿಲ್ಲಿಸಿ ಕುರಿಗಳಿಗೆ ಕುಡಿಸುವ ಕಟ್ಟೆ. ಕುರಿಗಳ ಗೊರಸಿನ ಗುರುತು ಅಂಚಿನ ತುಂಬ ಇತ್ತು. ಕುಡಿಯುವ ಧೈರ್ಯ ಮಾಡಲಿಲ್ಲ. ಮುಂದೆ ಒಂದು ಕಲ್ಲಿನ ಮನೆ, ಚಾವಣಿಗೂ ಕಲ್ಲೇ. ಬಾಗಿಲ ಹತ್ತಿರ ವಯಸ್ಸಾದ ಒಬ್ಬ ಅಮ್ಮ ಇದ್ದರು. "ಬೋಂಜೂರ್ ಮದಾಮ್" ಅಂತ ಖಾಲಿ ಬಾಟಲಿ ತೋರಿಸಿದೆ. ಅವರು ಏನೂ ಕೇಳಲಿಲ್ಲ. ಎರಡನ್ನೂ ತುಂಬಿಸಿ ತಂದರು, ಜೊತೆಗೆ ಒಂದು ಲೋಟ ಬೇರೆ. ನಾನು ಕುಡಿಯುವಾಗ ಹೇಳಿದರು: ಅವರ ಚಿಕ್ಕಂದಿನಲ್ಲಿ ಈ ಮನೆಗೆ ನಲ್ಲಿ ಇರಲಿಲ್ಲ. ಚಾವಣಿಯ ಮೇಲೆ ಬಿದ್ದ ಮಳೆ ನೀರನ್ನೇ ತೊಟ್ಟಿಯಲ್ಲಿ ಹಿಡಿದು ವರ್ಷವೆಲ್ಲ ಬಳಸುತ್ತಿದ್ದರಂತೆ. ಅಂಥ ಮನೆಯ ನೀರು ಕುಡಿದೆ ಅನ್ನುವುದು ಇವತ್ತಿಗೂ ನೆನಪಿದೆ.

ಈಗ ಸುಣ್ಣಕಲ್ಲಿನ ಮೇಲೆ ಹೋಗುವ ದಿನ 3 ಲೀಟರ್ ಹೊರುತ್ತೇನೆ. ಹಳ್ಳಿಗಳಲ್ಲಿ ಸ್ಮಶಾನದ ಗೇಟಿನ ಒಳಗೆ ಹೂಗಿಡಗಳಿಗೆ ಅಂತ ನಲ್ಲಿ ಇರುತ್ತದೆ, ಅದನ್ನೂ ನೋಡುತ್ತೇನೆ. "ಒ ನೊಂ ಪೊತಾಬ್ಲ್" ಅಂತ ಬೋರ್ಡ್ ಇದ್ದರೆ ಕುಡಿಯುವ ನೀರಲ್ಲ, ಮುಟ್ಟಬೇಡಿ.

ಊಟದ ವಿಷಯವೂ ಹೇಳಿಬಿಡುತ್ತೇನೆ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರು, ನಾಲ್ಕಕ್ಕೆ. ಸೋಮವಾರ ಬಹಳಷ್ಟು ಕಡೆ ಇಡೀ ದಿನ ರಜೆ. ನಾನು ಸಸ್ಯಾಹಾರಿ. ಬ್ರೆಡ್, ಟೊಮೆಟೊ, ಮೇಕೆ ಹಾಲಿನ ಪೆಲಾರ್ದೋಂ ಚೀಸ್, ಇಷ್ಟಿದ್ದರೆ ಹೊಟ್ಟೆ ತುಂಬುತ್ತದೆ. ಅಂಗಡಿ ಮುಚ್ಚಿದ್ದ ದಿನ ಉಳಿಸಿದ್ದು ಮನೆಯಿಂದ ಒಯ್ದ ಖಾರದ ಅವಲಕ್ಕಿ.

ಆ ಮೂರನೇ ದಿನ ಕೋಸ್‌ನಿಂದ ಮೆರ್ವೇಸ್ ಊರಿಗೆ ಇಳಿದೆ. ಇಳಿಜಾರಿನಲ್ಲಿ ಬ್ರೇಕ್ ಒಂದೇ ಸಮ ಹಿಡಿದಿಟ್ಟುಕೊಂಡರೆ ಬಿಸಿಯಾಗುತ್ತದೆ. ಗಟ್ಟಿಯಾಗಿ ಹಿಡಿ, ಪೂರ್ತಿ ಬಿಡು, ಹೀಗೇ ಇಳಿಯಬೇಕು. ಮರುದಿನ ಜೋಂತ್ ಹೊಳೆಯ ಪಕ್ಕ ಹತ್ತಿ ಪೆರ್ಜುರೆ ಘಟ್ಟ ಸೇರಿದೆ. 1960ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್‌ನಲ್ಲಿ ರೋಜೆ ರಿವಿಯೆರ್ ಎಂಬ ಸ್ಪರ್ಧಿ ಈ ಘಟ್ಟದ ಇಳಿಜಾರಿನಲ್ಲೇ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ಆಗ ಅವರಿಗೆ 24 ವರ್ಷ. ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. ಅಲ್ಲಿ ಅವರ ನೆನಪಿನ ಕಲ್ಲಿದೆ. ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ಡಿ 18 ಕಾಡಿನ ನಡುವೆ ಎಗ್ವಾಲ್ ಶಿಖರಕ್ಕೆ ಹೋಗುತ್ತದೆ. 1,567 ಮೀಟರ್. ತುದಿಯಲ್ಲಿ ಕೋಟೆಯಂಥ ಕಲ್ಲಿನ ಕಟ್ಟಡ, 1894ರಲ್ಲಿ ಹವಾಮಾನ ಕೇಂದ್ರವಾಗಿ ಶುರುವಾದದ್ದು. ಗಾಳಿಗೆ ಸೈಕಲ್ ಗೋಡೆಗೆ ಒರಗಿಸಿದರೂ ನಿಲ್ಲಲಿಲ್ಲ. ಈ ಬೆಟ್ಟದ ಒಂದು ಮಗ್ಗುಲಿಗೆ ಬಿದ್ದ ಮಳೆ ಜೋಂತ್, ತಾರ್ನ್ ಹೊಳೆಗಳನ್ನು ಸೇರಿ ಅಟ್ಲಾಂಟಿಕ್ ಕಡೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಎರೋ ನದಿಯಾಗಿ ಮೆಡಿಟರೇನಿಯನ್‌ಗೆ.

ನಾನು ಎರೋ ಕಡೆಗೇ ಇಳಿದೆ. ವಾಲ್‌ರೋಗ್ ಹಳ್ಳಿಯವರೆಗೆ ಹತ್ತಿರ ಹತ್ತಿರ 1,200 ಮೀಟರ್ ಇಳಿತ. ಮೇಲೆ ಬೀಚ್ ಮರಗಳು, ಆಮೇಲೆ ಚೆಸ್ಟ್‌ನಟ್, ಹಳ್ಳಿ ಹತ್ತಿರವಾದಂತೆ ಕಲ್ಲು ಕಟ್ಟಿದ ಪುಟ್ಟ ಪುಟ್ಟ ಗದ್ದೆಗಳು, ಮೆಟ್ಟಿಲು ಮೆಟ್ಟಿಲಾಗಿ. ಒಂದು ಗದ್ದೆಯಲ್ಲಿ ಗಂಡ, ಹೆಂಡತಿ ಬಗ್ಗಿ ಈರುಳ್ಳಿ ಸಸಿ ನಾಟಿ ಮಾಡುತ್ತಿದ್ದರು. ಸೇವೆನ್‌ನ ಸಿಹಿ ಈರುಳ್ಳಿ. ಟ್ರ್ಯಾಕ್ಟರ್ ಇಳಿಯುವಷ್ಟು ಜಾಗವಿಲ್ಲ, ಎಲ್ಲ ಕೈಯಲ್ಲೇ. ನಿಂತು ಮಾತಾಡಿಸಿದೆ. ಈ ಗದ್ದೆಗೆ ಏನನ್ನುತ್ತೀರಿ ಅಂತ ಕೇಳಿದೆ. ಆಕೆ ಸೊಂಟ ನೆಟ್ಟಗೆ ಮಾಡಿಕೊಂಡು, ಕೈಯ ಮಣ್ಣು ಕೊಡವಿ, "ಫೈಸ್" ಅಂದರು.